ಎದುರುದಾರರೇ ಬಾರದ ಮೊಕದ್ದಮೆ

ಮಗುವಿಗಾಗಿ ತಂದೆ ತಾಯಿ ಇಬ್ಬರೂ ಜಿದ್ದಿಗೆ ಬಿದ್ದ ಕಸ್ಟಡಿ ಮೊಕದ್ದಮೆಗಿಂತ, ಒಬ್ಬರು ಮನೆ ಬಿಟ್ಟುಹೋಗಿ ವರ್ಷಗಟ್ಟಲೆ ಮಗುವಿನ ಮುಖ ನೋಡದಿರುವ ಮೊಕದ್ದಮೆ ಸುಲಭವೆಂದು ಹೊರಗಿನವರಿಗೆ ತೋರುತ್ತದೆ. ಆದರೆ ಬೆಂಗಳೂರಿನ ನಾಗಸಂದ್ರ, ದಾಸರಹಳ್ಳಿ, ಪೀಣ್ಯದ ಸುತ್ತ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುತ್ತ ಒಂಟಿಯಾಗಿ ಮಗುವನ್ನು ಸಾಕುವ ತಾಯಂದಿರ ಅನುಭವ ಬೇರೆಯೇ ಆಗಿದ್ದು, ಅವರಿಗೆ ವಾದದಲ್ಲಿ ಗೆಲ್ಲುವುದಕ್ಕಿಂತ, ಇಲ್ಲದವರು ಇಲ್ಲವೆಂದು ಕಾಗದದ ಮೇಲೆ ತೋರಿಸುವುದೇ ಕಷ್ಟವಾಗುತ್ತದೆ.

ಮಗು ಯಾರ ಬಳಿ ಇರಬೇಕೆಂಬುದು ಕಸ್ಟಡಿ, ಅಂದರೆ ಅಭಿರಕ್ಷೆ. ಮಗುವಿನ ಪರವಾಗಿ ಸಹಿ ಹಾಕುವ, ಆಸ್ತಿ ನೋಡಿಕೊಳ್ಳುವ ಅಧಿಕಾರ ಪಾಲಕತ್ವ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು ತಂದೆಯನ್ನು ಮೊದಲ ಸಹಜ ಪಾಲಕನೆಂದು ಹೇಳಿದರೂ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆನ್ನುತ್ತದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹಾಕಿದ ಅರ್ಜಿಗೆ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿದ್ದರಿಂದ ಹುಟ್ಟಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ನೀಡಿದ ತೀರ್ಪು ಈ ಚಿತ್ರವನ್ನು ಬದಲಿಸಿತು: ತಂದೆ ಬದುಕಿದ್ದರೂ ಮಗುವಿನ ವಿಷಯದಲ್ಲಿ ಪೂರ್ತಿ ಉದಾಸೀನನಾಗಿದ್ದರೆ ತಾಯಿಯೇ ಸಹಜ ಪಾಲಕಳಾಗಬಹುದು. ತೊರೆದುಹೋದ ತಂದೆಯ ಪ್ರಕರಣಗಳಲ್ಲಿ ಇದಕ್ಕಿಂತ ಗಟ್ಟಿಯಾದ ಆಧಾರ ಇನ್ನೊಂದಿರಲಾರದು. ಇತರ ಧರ್ಮೀಯರೂ ಅರ್ಜಿ ಹಾಕಬಹುದಾದ 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆಯಲ್ಲೂ ಮಗುವಿನ ಹಿತವೇ ಅಳತೆಗೋಲು.

ಅದೇ 1890ರ ಕಾಯ್ದೆಯಂತೆ ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆಯೋ ಅಲ್ಲಿನ ನ್ಯಾಯಾಲಯಕ್ಕೇ ಅರ್ಜಿ ಹೋಗಬೇಕಾದ್ದರಿಂದ, ಶಿಫ್ಟಿನ ಕೆಲಸಕ್ಕಾಗಿ ಮಗುವನ್ನು ತುಮಕೂರು ಕಡೆಯ ಅಜ್ಜಿ ಮನೆಯಲ್ಲಿ ಬಿಟ್ಟು ಅಲ್ಲಿನ ಶಾಲೆಗೇ ಸೇರಿಸಿದ ತಾಯಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದರೆ, ಮೊದಲ ತಕರಾರು ವಿಳಾಸದ್ದೇ ಆಗಬಹುದು.

ಹೆಚ್ಚು ಕಾಲ ತಿನ್ನುವುದು ನೋಟಿಸ್. ಅಂಚೆಯ ಲಕೋಟೆ ‘ಮನೆಗೆ ಬೀಗ’ ಎಂಬ ಷರಾದೊಂದಿಗೆ ಹಿಂತಿರುಗುತ್ತದೆ, ಸಮನ್ಸ್ ಜಾರಿಗೆ ಹೋದ ಅಮೀನರು ವಿಳಾಸದಾರ ಸಿಗಲಿಲ್ಲವೆಂದು ವರದಿ ಬರೆಯುತ್ತಾರೆ, ವಾಯಿದೆ ಮುಂದಕ್ಕೆ ಹೋಗುತ್ತದೆ, ಪ್ರತಿ ವಾಯಿದೆಗೂ ಒಂದು ದಿನದ ಸಂಬಳ ಕೈಬಿಡುತ್ತದೆ. ಕೊನೆಗೆ ನ್ಯಾಯಾಲಯದ ಅನುಮತಿ ಪಡೆದು ಪತ್ರಿಕೆಯಲ್ಲಿ ಪ್ರಕಟಿಸಿದರೆ ಅದು ಜಾರಿಯೆಂದೇ ಪರಿಗಣಿತವಾಗಿ, ಎದುರುದಾರ ಬಾರದಿದ್ದಲ್ಲಿ ಪ್ರಕರಣ ಎಕ್ಸ್‌ಪಾರ್ಟಿ, ಅಂದರೆ ಏಕಪಕ್ಷೀಯವಾಗಿ ನಡೆಯುತ್ತದೆ. ಈ ತಾಪತ್ರಯ ಬೇಡವೆಂದು, ಗಂಡನ ಊರು, ಕೆಲಸದ ಜಾಗ, ಫೋನ್ ನಂಬರ್ ಗೊತ್ತಿದ್ದೂ ‘ವಿಳಾಸ ತಿಳಿದಿಲ್ಲ’ ಎಂದು ಬರೆಸುವ ಚಾಳಿ ಅಪಾಯಕಾರಿ. ನೋಟಿಸ್ ಸರಿಯಾಗಿ ಜಾರಿಯಾಗಿರಲಿಲ್ಲವೆಂದು ಆತ ಮುಂದೆ ತೋರಿಸಿಕೊಟ್ಟರೆ ಆದೇಶವೇ ರದ್ದಾಗಬಹುದು.

ಎಕ್ಸ್‌ಪಾರ್ಟಿ ಆಯಿತೆಂದರೆ ಗೆದ್ದಂತೆ ಎಂಬ ನಂಬಿಕೆಯೂ ತಪ್ಪು, ಏಕೆಂದರೆ ಅರ್ಜಿದಾರಳು ಆಗಲೂ ಪ್ರಮಾಣಪತ್ರದ ಮೂಲಕ ಸಾಕ್ಷ್ಯ ನುಡಿದು ದಾಖಲೆಗಳನ್ನು ಗುರುತು ಮಾಡಿಸಬೇಕಾಗುತ್ತದೆ. ಇಲ್ಲಿ ನೆರವಿಗೆ ಬರುವುದು ದೊಡ್ಡ ಮಾತುಗಳಲ್ಲ: ಲಸಿಕೆಯ ತಾರೀಖುಗಳಿರುವ ತಾಯಿ ಕಾರ್ಡು, ತಾಯಿಯ ಹೆಸರಿನಲ್ಲೇ ಹರಿದ ಫೀ ರಸೀದಿಗಳು, ಆಸ್ಪತ್ರೆಯ ಚೀಟಿ, ಪೋಷಕರ ಸಹಿಯ ಜಾಗದಲ್ಲಿ ವರ್ಷವಿಡೀ ಒಂದೇ ಕೈಬರಹವಿರುವ ಶಾಲಾ ಡೈರಿ. ರದ್ದಿಗೆ ಹೋಗುವ ಇಂಥ ಡೈರಿ, ತಂದೆಯನ್ನು ಬೈದು ತುಂಬಿಸಿದ ಹತ್ತು ಪುಟದ ಅರ್ಜಿಗಿಂತ ಹೆಚ್ಚು ತೂಗುತ್ತದೆ.

ಇಷ್ಟು ದಿನ ಸುಮ್ಮನಿದ್ದ ತಂದೆ ಜೀವನಾಂಶದ ಅರ್ಜಿ ಹೋದೊಡನೆ ‘ಮಗು ನನಗೇ ಬೇಕು’ ಎಂದು ಎದ್ದುಬರುವುದೂ ಉಂಟು. ಆ ಭಯಕ್ಕೆ ಮಗುವಿಗೆ ನ್ಯಾಯವಾಗಿ ಸಲ್ಲಬೇಕಾದ ಹಣವನ್ನು ಬಿಟ್ಟುಕೊಡಬೇಕಿಲ್ಲ. ಆತ ಭೇಟಿಯ ಅವಕಾಶ ಕೇಳಿದರೆ ನಿರಾಕರಿಸುವ ಹಟವೂ ಬೇಡ, ನಿಗದಿಯಾದ ಭೇಟಿಗಳಿಗೆ ಆತ ಬಂದನೋ ಇಲ್ಲವೋ ಎಂಬುದೇ ಮುಂದೆ ದಾಖಲೆಯಾಗುತ್ತದೆ. ಕಸ್ಟಡಿ ಆದೇಶ ಎಂದೂ ಅಂತಿಮವಲ್ಲ, ಪರಿಸ್ಥಿತಿ ಬದಲಾದರೆ ಅದನ್ನೂ ಬದಲಿಸಬಹುದು.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವವರು ತಿಳಿದಿರಲಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದ್ದು, ಅದರ ಸಹಾಯವಾಣಿ ಸಂಖ್ಯೆ 15100.