ನೀರು ಹಿಡಿಯುವ ಜೆಲ್: ತಯಾರಿಕೆ, ಗಟ್ಟಿತನ ಮತ್ತು ಬಳಕೆ

ಬಿತ್ತನೆಯಾದ ಮೇಲೆ ಮಳೆ ಕೈಕೊಟ್ಟರೆ ಮೊಳಕೆ ಒಣಗಿ, ಬೀಜದ ಖರ್ಚು ಎರಡು ಬಾರಿ ತಲೆಯ ಮೇಲೆ ಬೀಳುವುದು ಖುಷ್ಕಿ ರೈತರಿಗೆ ತಿಳಿದ ಸಂಗತಿ. ಇದಕ್ಕೆ ಪರಿಹಾರವೆಂದು ಹೈಡ್ರೊಜೆಲ್ ಹರಳುಗಳು ಮಾರಾಟವಾಗುತ್ತಿವೆ. ಹಣ ಹಾಕುವ ಮೊದಲು ಇವುಗಳ ಗುಣ ಮತ್ತು ಮಿತಿಯನ್ನು ಅರಿಯುವುದು ಅಗತ್ಯ.

ಜೆಲ್ ಆಗುವ ಬಗೆ

ಪಾಲಿಮರ್ ಎಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿ ಆದ ಉದ್ದನೆಯ ಅಣು. ನೀರಿನೊಡನೆ ಬೆರೆಯುವ ಸರಪಳಿಗಳು ಬಿಡಿಬಿಡಿಯಾಗಿದ್ದರೆ ಕರಗಿ ಲೋಳೆಯಾಗುತ್ತವೆ. ಅವನ್ನು ಅಲ್ಲಲ್ಲಿ ಅಡ್ಡಕೊಂಡಿಗಳಿಂದ ಬಿಗಿದರೆ ಮೀನಿನ ಬಲೆಯಂಥ ರಚನೆಯಾಗಿ, ಕರಗದೆ ಉಬ್ಬುತ್ತದೆ. ಅಮೆರಿಕದ ಪಿಯೋರಿಯಾದಲ್ಲಿರುವ ಸರ್ಕಾರಿ ಕೃಷಿ ಸಂಶೋಧನಾಲಯವು 1970ರ ದಶಕದಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಇಂಥ ಪದಾರ್ಥವನ್ನು ತಯಾರಿಸಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೊಜೆಲ್‌ಗೆ ಸಸ್ಯಮೂಲದ ಸೆಲ್ಯುಲೋಸ್ ಆಧಾರ.

ಗಟ್ಟಿತನ

ಕೊಂಡಿಗಳು ಕಡಿಮೆಯಿದ್ದರೆ ಜೆಲ್ ಹೆಚ್ಚು ನೀರು ಹೀರುತ್ತದೆ. ಆದರೆ ಮಣ್ಣಿನ ಭಾರಕ್ಕೆ ಹಿಸುಕಿಹೋಗುತ್ತದೆ. ಕೊಂಡಿಗಳು ಹೆಚ್ಚಾದರೆ ಗಟ್ಟಿಯಾಗುತ್ತದೆ, ಉಬ್ಬುವುದು ಕಡಿಮೆ. ಹರಳಿನ ಹೊರಮೈಗೆ ಮಾತ್ರ ಹೆಚ್ಚು ಕೊಂಡಿ ಹಾಕುವುದು ಒಂದು ಉಪಾಯ. ಆಗ ಒಳಭಾಗ ನೀರು ತುಂಬಿಕೊಳ್ಳುತ್ತದೆ, ಹೊರಪದರ ಆಕಾರ ಕಾಯುತ್ತದೆ. ಬಿಗಿಯಾದ ಬಲೆಯೊಳಗೆ ಸಡಿಲವಾದ ಇನ್ನೊಂದು ಬಲೆ ಹೆಣೆದು ಬಹು ಗಟ್ಟಿಯಾದ ಜೆಲ್ ಮಾಡುವ ವಿಧಾನವನ್ನು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು.

ಎಕರೆ ಲೆಕ್ಕ

ಪೂಸಾ ಹೈಡ್ರೊಜೆಲ್‌ನ ಶಿಫಾರಸು ಎಕರೆಗೆ 1ರಿಂದ 2 ಕಿಲೋ. ಶುದ್ಧ ನೀರಿನಲ್ಲಿ ಅದು ತನ್ನ ತೂಕದ ಸುಮಾರು 350 ಪಟ್ಟು ಹೀರಿದರೆ, 2 ಕಿಲೋ ಹಿಡಿಯುವುದು 700 ಲೀಟರ್. ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರಾಗುತ್ತದೆ. ಅಂದರೆ ಒಮ್ಮೆ ತುಂಬಿದ ಜೆಲ್ 0.2 ಮಿ.ಮೀ. ಮಳೆಗೂ ಸಮವಲ್ಲ. ಇದು ನೀರಾವರಿಗೆ ಬದಲಿಯಲ್ಲ. ಹೊಲದ ತುಂಬ ಎರಚಿದರೆ ಹಣ ವ್ಯರ್ಥ. ಹತ್ತು ಪಟ್ಟು ಒಣಮಣ್ಣಿನೊಡನೆ ಬೆರೆಸಿ, ಬೀಜದ ಸಾಲಿನಲ್ಲಿಯೇ ಬೇರಿಗೆ ಎಟಕುವಂತೆ ಹಾಕಬೇಕು.

ಮನೆಯಲ್ಲಿಯೇ ಪರೀಕ್ಷೆ

ಉಪ್ಪುನೀರು ಜೆಲ್ಲಿನ ಶತ್ರು. ಗಡಸು ನೀರಿನ ಸುಣ್ಣದಂಶ ಸರಪಳಿಗಳನ್ನು ಇನ್ನಷ್ಟು ಬಿಗಿದು ಉಬ್ಬುವಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ಎರಡು ಪಾತ್ರೆಗಳಲ್ಲಿ ತಲಾ 1 ಗ್ರಾಂ ಹರಳು ಹಾಕಿ, ಒಂದಕ್ಕೆ 1 ಲೀಟರ್ ಮಳೆನೀರು, ಇನ್ನೊಂದಕ್ಕೆ ಅಷ್ಟೇ ಬಾವಿಯ ನೀರು ಹೊಯ್ದು ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ತೂಗಿದರೆ ವ್ಯತ್ಯಾಸ ತಿಳಿಯುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಹರಳು ಲೋಳೆಯಾದರೆ ಕೊಂಡಿಗಳು ಸಾಲವೆಂದು ಅರ್ಥ.

ಕೊಟ್ಟಿಗೆ ಗೊಬ್ಬರ, ಬದು ಮತ್ತು ಹೊದಿಕೆಗಳಿಗೆ ಮೊದಲ ಸ್ಥಾನವಿರಲಿ. ಜೆಲ್ಲನ್ನು ಮೊದಲ ವರ್ಷ ಕೆಲವೇ ಸಾಲುಗಳಲ್ಲಿ ಹಾಕಿ, ಪಕ್ಕದ ಸಾಲುಗಳನ್ನು ಹಾಗೆಯೇ ಬಿಟ್ಟು, ಎರಡರ ಇಳುವರಿಯನ್ನೂ ಬೇರೆ ಬೇರೆ ತೂಗಿ ನೋಡಿದ ಮೇಲೆಯೇ ಮುಂದುವರಿಯುವುದು ಲೇಸು.