ಖಾಲಿ ಡಬ್ಬಿ ಕೊಡಬಾರದು

ಮಗಾ, ಫೋನಿನಲ್ಲಿ ಹೇಳಿದರೆ ‘ಆಯ್ತು ತಾತ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಹಾಸನದ ಹಾಸ್ಟೆಲಿನಲ್ಲಿ ಊಟ ಮುಗಿಸಿ ಒಬ್ಬನೇ ಕೂತಿದ್ದಾಗ ಓದು.

2025ರ ಮಾರ್ಚ್ 18 ನಿನಗೆ ನೆನಪಿರಬೇಕು. ಎರಡು ತಿಂಗಳು ನಿಂತಿದ್ದ ಯುದ್ಧ ಗಾಜಾದಲ್ಲಿ ಮತ್ತೆ ಶುರುವಾಗಿ, ಒಂದೇ ದಿನದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. ನೀನು ಎದ್ದವನೇ ಸ್ಟೇಟಸ್ ಹಾಕಿದೆ. ಇಸ್ರೇಲಿನ ಬಾವುಟ, ಕುಸಿದು ಬೀಳುವ ಒಂದು ಕಟ್ಟಡ, ಕೆಳಗೆ ನಗುವ ಮುಖ. ಒಂದನೇ ಕ್ಲಾಸಿನಿಂದ ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಹೇಮಾವತಿಯಲ್ಲಿ ನಿನಗೆ ಈಜು ಕಲಿಸಿದವನು, ಮಧ್ಯಾಹ್ನ ಪ್ಯಾಲೆಸ್ಟೀನಿನ ಬಾವುಟ ಹಾಕಿದ. ಸಂಜೆಗೆ ನಿಮ್ಮ ಹೈಸ್ಕೂಲ್ ಗ್ರೂಪಿನಲ್ಲಿ ಯಾರೋ ಅವನಿಗೆ ‘ಅಲ್ಲಿಗೇ ಹೋಗು’ ಅಂದರು. ಅವನು ಗ್ರೂಪು ಬಿಟ್ಟ. ನೀನು ಸುಮ್ಮನಿದ್ದೆ.

ಆ ಸಲ ಯುಗಾದಿ ಭಾನುವಾರ ಬಂತು, ಮಾರನೇ ದಿನವೇ ರಂಜಾನ್. ನೀವಿಬ್ಬರೂ ಶಾಲೆಗೆ ಸೇರಿದ ವರ್ಷದಿಂದ ನಮ್ಮಿಂದ ಒಬ್ಬಟ್ಟು ಹೋಗುವುದು, ಅವರಿಂದ ಸುರಕುಂಬ ಬರುವುದು ಒಂದು ಸಲವೂ ತಪ್ಪಿರಲಿಲ್ಲ. ಅವತ್ತು ನಿನ್ನಜ್ಜಿ ಒಬ್ಬಟ್ಟು ಕಟ್ಟಿಟ್ಟು ನಿನ್ನನ್ನು ಎರಡು ಸಲ ಕರೆದಳು. ನೀನು ಕದಲಲಿಲ್ಲ. ನಾನೂ ಎದ್ದು ಹೋಗಲಿಲ್ಲ. ಹುಡುಗರ ಜಗಳ, ತಾನೇ ಸರಿಹೋಗುತ್ತದೆ ಅಂದುಕೊಂಡೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ದೂರದ ಯುದ್ಧದ ಬಗ್ಗೆ ನಿನಗೆ ಅಭಿಪ್ರಾಯವೇ ಇರಬಾರದು ಅಂತ ನಾನು ಹೇಳುವುದಿಲ್ಲ. ಇರಲಿ. ಆದರೆ ಅದಕ್ಕೆ ಮುಂಚೆ ಅಲ್ಲಿ ಆಗಿರುವುದನ್ನು ನಮ್ಮ ನೆಲದ ಮೇಲೆ ಒಮ್ಮೆ ಅಳೆದು ನೋಡು. ಗಾಜಾದ ಉದ್ದ ಸುಮಾರು 41 ಕಿಲೋಮೀಟರ್. ಹಾಸನದಲ್ಲಿ ಬಸ್ ಹತ್ತಿ ಚನ್ನರಾಯಪಟ್ಟಣದಲ್ಲಿ ಇಳಿದರೆ ಹೆಚ್ಚುಕಮ್ಮಿ ಅಷ್ಟೇ. ಅಗಲ ಒಂದು ಕಡೆ 6 ಕಿಲೋಮೀಟರ್ ಇದ್ದರೆ ಇನ್ನೊಂದು ಕಡೆ 12. ಅಷ್ಟರಲ್ಲಿ 20 ಲಕ್ಷಕ್ಕೂ ಮೀರಿ ಜನ. ಸಕಲೇಶಪುರದ ಘಟ್ಟದಿಂದ ಶ್ರವಣಬೆಳಗೊಳದ ತನಕ ನಮ್ಮ ಇಡೀ ಜಿಲ್ಲೆಯ ಜನ 2011ರ ಗಣತಿಯಲ್ಲಿ 17.76 ಲಕ್ಷ. ಅಷ್ಟೂ ಜನರನ್ನು ಒಂದು ಬಸ್ ರೂಟಿನ ಆಚೀಚೆ ತುಂಬಿ, ಎರಡೂ ತುದಿ ಮುಚ್ಚಿ, ಮೇಲಿಂದ ಬಾಂಬು ಸುರಿದರೆ ಏನಾಗುತ್ತದೋ ಯೋಚಿಸು. 2025ರ ಅಕ್ಟೋಬರಿನಲ್ಲಿ ಕದನವಿರಾಮ ಆಗುವ ಹೊತ್ತಿಗೆ ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 67,000ಕ್ಕೂ ಹೆಚ್ಚು. ನಮ್ಮ ಹೊಳೆನರಸೀಪುರ ಪಟ್ಟಣದಲ್ಲಿ ಇರುವುದೇ 30 ಸಾವಿರದ ಆಸುಪಾಸು ಜನ. ಇಂಥ ಎರಡು ಊರು, ಅಂಗಡಿಯವರು, ಬಾಣಂತಿಯರು, ಶಾಲೆ ಮಕ್ಕಳು ಸಮೇತ. ಆ ಆಗಸ್ಟಿನಲ್ಲಿ ಗಾಜಾ ನಗರದ ಸುತ್ತ ಬರಗಾಲವೆಂದೇ ಘೋಷಣೆಯಾಯಿತು. ಅದು ಮಳೆ ಕೈಕೊಟ್ಟು ಬಂದ ಬರವಲ್ಲ ಕಣಪ್ಪ. ಹಿಟ್ಟಿನ ಲಾರಿಗಳು ಗಡಿಯಲ್ಲೇ ನಿಂತಿದ್ದವು. ಹಸಿದವರ ಅನ್ನ ತಡೆಯುವುದಕ್ಕೆ ಯಾರು ಯಾವ ಕಾರಣ ಕೊಟ್ಟರೂ ನನ್ನ ಮನಸ್ಸು ಒಪ್ಪುವುದಿಲ್ಲ.

ನಿನ್ನ ಗೆಳೆಯ ಇಲ್ಲಿ ಕೂತಿದ್ದರೆ ಅವನಿಗೂ ಹೇಳುವುದಿದೆ. 2023ರ ಅಕ್ಟೋಬರ್ 7ರ ಬೆಳಿಗ್ಗೆ ಹಮಾಸಿನವರು ಗಡಿ ದಾಟಿ ನುಗ್ಗಿ ಸುಮಾರು 1,200 ಜನರನ್ನು ಕೊಂದರು, 251 ಮಂದಿಯನ್ನು ಎಳೆದೊಯ್ದರು. ನೋವಾ ಸಂಗೀತೋತ್ಸವದಲ್ಲಿ ರಾತ್ರಿಯೆಲ್ಲ ಕುಣಿದು ದಣಿದಿದ್ದ ಹುಡುಗ ಹುಡುಗಿಯರು, ನಿಮ್ಮದೇ ವಯಸ್ಸಿನವರು, ಮುನ್ನೂರಕ್ಕೂ ಹೆಚ್ಚು ಮಂದಿ ಅಲ್ಲೇ ಹೆಣವಾದರು. ಒತ್ತೆಯಾಳುಗಳಲ್ಲಿ ಒಂಬತ್ತು ತಿಂಗಳ ಕೂಸಿತ್ತು. ಇದನ್ನು ಹೋರಾಟ ಅಂತ ಯಾರಾದರೂ ಕರೆದರೆ ಅವರ ಜೊತೆ ನಾನು ಕಾಫಿ ಕುಡಿಯಲಾರೆ. ಅದಕ್ಕೂ ಮುಂಚೆ 2021ರ ಮೇನಲ್ಲಿ ಅಶ್ಕೆಲೋನಿನಲ್ಲಿ ರಾಕೆಟ್ ಬಿದ್ದು ಸತ್ತವಳು ಕೇರಳದ ಇಡುಕ್ಕಿಯ ಹೆಣ್ಣುಮಗಳು. ವೃದ್ಧೆಯೊಬ್ಬರ ಆರೈಕೆಗೆ ಹೋಗಿದ್ದಳು, ಗಂಡನ ಜೊತೆ ವಿಡಿಯೊ ಕಾಲಿನಲ್ಲಿದ್ದಳು. ಅಂಥದೇ ಕೆಲಸಕ್ಕೆ ನಮ್ಮ ಮಂಗಳೂರು, ಉಡುಪಿ ಕಡೆಯವರೂ ಅಲ್ಲಿಗೆ ಹೋಗಿದ್ದಾರೆ.

ಬಾವುಟ ಹಿಡಿಯಲೇಬೇಕು, ಒಂದನ್ನೇ ಹಿಡಿಯಬೇಕು ಅಂತ ನಿಮಗೆ ಯಾರು ಕಲಿಸಿದರೋ. ನಮ್ಮ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿದ್ದ 1996ರಲ್ಲೇ ಭಾರತ ಗಾಜಾದಲ್ಲಿ ತನ್ನ ಪ್ರತಿನಿಧಿ ಕಚೇರಿ ತೆರೆಯಿತು. ಅದೇ ವರ್ಷದ ಕೊನೆಗೆ ಇಸ್ರೇಲಿನ ಅಧ್ಯಕ್ಷ ಎಜರ್ ವೈಜ್‌ಮನ್ ದೆಹಲಿಗೆ ಬಂದರು. ಆ ದೇಶದ ಅಧ್ಯಕ್ಷರೊಬ್ಬರು ನಮ್ಮಲ್ಲಿಗೆ ಬಂದದ್ದು ಅದೇ ಮೊದಲು. ಒಬ್ಬರ ಮನೆಗೆ ಹೋಗಿಬಂದವರು ಇನ್ನೊಬ್ಬರನ್ನು ಮನೆಗೆ ಕರೆದರು. ಇನ್ನೂ ಹಿಂದೆ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ಕಿತ್ತುಕೊಂಡರು. ದೆಹಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆಯಾಗಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಕಾದಿದ್ದು ಬ್ರಿಟಿಷರಿಗಾಗಿ, ಬಿದ್ದವರು ನಮ್ಮವರು. ಇಷ್ಟೆಲ್ಲ ಒಡನಾಟ ಇರುವ ನೆಲದ ಬಗ್ಗೆ ಹದಿನೈದು ಸೆಕೆಂಡಿನ ವಿಡಿಯೊ ನೋಡಿ ತೀರ್ಪು ಕೊಡಬಹುದೇ? 2023ರಲ್ಲಿ ‘ಆರ್ಮಾ 3’ ಎಂಬ ವಿಡಿಯೊ ಗೇಮಿನ ದೃಶ್ಯಗಳನ್ನೇ ಗಾಜಾದ ಯುದ್ಧವೆಂದು ಜಗತ್ತಿಗೆಲ್ಲ ಹಂಚಿದ್ದರು. ಯಾವ ದಿನದ್ದು, ಯಾವ ಊರಿನದ್ದು, ಮೊದಲು ಹಾಕಿದವರು ಯಾರು, ಇಷ್ಟು ಗೊತ್ತಾಗುವವರೆಗೆ ಮುಂದೆ ಕಳಿಸಬೇಡ. ಸ್ಟೇಟಸ್ಸಿನ ದೆಸೆಯಿಂದ ಠಾಣೆ ಮೆಟ್ಟಿಲು ಹತ್ತಿದ ಹುಡುಗರೂ ನಮ್ಮ ರಾಜ್ಯದಲ್ಲಿದ್ದಾರೆ. ಆ ಮಾತು ಇಲ್ಲಿಗೆ ಸಾಕು.

ಚನ್ನರಾಯಪಟ್ಟಣದಲ್ಲಿ ಮೇಷ್ಟ್ರಾಗಿದ್ದಾಗ ವರ್ಷಕ್ಕೊಮ್ಮೆ ಶಾಲೆ ಮಕ್ಕಳನ್ನು ಬೆಳಗೊಳಕ್ಕೆ ಕರೆದೊಯ್ಯುತ್ತಿದ್ದೆ. ಬಿಸಿಲೇರುವ ಮುಂಚೆ ಬೆಟ್ಟ ಹತ್ತಿ, ಬಾಹುಬಲಿಯ ಪಾದದ ಹತ್ತಿರ ಕೂರಿಸಿ ಅವನ ಕಥೆಯನ್ನೇ ಹೇಳುತ್ತಿದ್ದೆ. ಅಣ್ಣ ತಮ್ಮ ರಾಜ್ಯಕ್ಕಾಗಿ ಎದುರೆದುರು ನಿಂತಾಗ ಮಂತ್ರಿಗಳು ಅಡ್ಡ ಬಂದರು. ಜಗಳ ನಿಮ್ಮಿಬ್ಬರದು, ಸೈನ್ಯ ಏಕೆ ಸಾಯಬೇಕು ಅಂದರು. ಹಾಗಾಗಿ ಕಣ್ಣಿಗೆ ಕಣ್ಣು ಕೂಡಿಸಿ, ನೀರಿಗಿಳಿದು, ಕುಸ್ತಿ ಹಿಡಿದು ಇಬ್ಬರೇ ಸೆಣಸಿದರು. ಗೆದ್ದ ತಮ್ಮ ಗೆದ್ದದ್ದನ್ನೆಲ್ಲ ಬಿಟ್ಟು ನಿಂತ, ಕಾಲಿಗೆ ಬಳ್ಳಿ ಹಬ್ಬುವಷ್ಟು ಕಾಲ. ಗಾಜಾದ ಸುದ್ದಿ ಓದುವಾಗಲೆಲ್ಲ ನನಗೆ ನೆನಪಾಗುವವರು ಆ ಮಂತ್ರಿಗಳು. ಅವರ ಹೆಸರನ್ನು ನಾನು ಮಕ್ಕಳಿಗೆ ಒಂದು ಸಲವೂ ಹೇಳಿಕೊಡಲಿಲ್ಲ.

ಇನ್ನೊಂದು ನೆನಪು ಅರಕಲಗೂಡಿನದು. 1992ರ ಡಿಸೆಂಬರ್, ಅಯೋಧ್ಯೆಯಲ್ಲಿ ಮಸೀದಿ ಉರುಳಿದ ತಿಂಗಳು. ಅಯೋಧ್ಯೆಯೆಲ್ಲಿ, ಅರಕಲಗೂಡೆಲ್ಲಿ! ಆದರೂ ನನ್ನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ದಿನ ಹಾಜರಿ ಕೂಗುತ್ತಾ ಅವನ ಹೆಸರು ಹೇಳಿದೆ. ಕ್ಲಾಸಿಗೆ ಕ್ಲಾಸೇ ತಿರುಗಿ ಅವನನ್ನು ನೋಡಿತು. ಯಾರೂ ಏನೂ ಅನ್ನಲಿಲ್ಲ, ಬರೀ ನೋಡಿದರು. ಅವನು ‘ಪ್ರೆಸೆಂಟ್ ಸಾರ್’ ಅಂದ ದನಿ ಅವನ ಬೆಂಚಿನಾಚೆ ಕೇಳಿಸಲಿಲ್ಲ. ಎಲ್ಲೋ ಯಾರೋ ಮಾಡಿದ್ದಕ್ಕೆ ಆ ಹದಿನಾಲ್ಕು ವರ್ಷದ ಹುಡುಗ ಉತ್ತರ ಹೇಳಬೇಕಾಗಿತ್ತು. ‘ಅಲ್ಲಿಗೇ ಹೋಗು’ ಅಂತ ನಿಮ್ಮ ಗ್ರೂಪಿನಲ್ಲಿ ಬಂದ ಮಾತನ್ನು ನೀನು ತೋರಿಸಿದಾಗ ನನಗೆ ಕೇಳಿಸಿದ್ದು ಆ ದನಿಯೇ. ಎಲ್ಲಿಗೆ ಹೋಗಬೇಕು ಮಗಾ ಅವನು? ನಮ್ಮ ಹೊಲದ ಮೋಟರ್ ಸುಟ್ಟುಹೋದ ರಾತ್ರಿ ಹನ್ನೊಂದು ಗಂಟೆಗೆ ಬಂದು ವೈಂಡಿಂಗಿಗೆ ಬಿಚ್ಚಿಕೊಂಡು ಹೋದವರು ಅವರಪ್ಪ. ಬತ್ತ ಒಣಗಬಾರದು ಅಂತ ಬೆಳಗಾಗುವಷ್ಟರಲ್ಲಿ ತಂದು ಕೂರಿಸಿ ನೀರೆತ್ತಿ ಕೊಟ್ಟರು. ಅವನ ಊರು ಇದೇ, ಹೊಳೆ ಇದೇ.

ಗಾಜಾದಲ್ಲೂ ಇಸ್ರೇಲಿನಲ್ಲೂ ಒಂದು ಪ್ರಾಣ ಉಳಿಸುವ ಶಕ್ತಿ ನನಗಿಲ್ಲ, ನಿನಗೂ ಇಲ್ಲ. ಅದು ನನ್ನನ್ನು ರಾತ್ರಿ ಎಚ್ಚರವಿರಿಸುತ್ತದೆ. ಆದರೆ ನಮ್ಮ ಬೀದಿಯಲ್ಲಿ ಏನಾಗಬೇಕು ಅನ್ನುವುದು ನಮ್ಮ ಕೈಯಲ್ಲೇ ಇದೆ.

ಈ ಸಲವೂ ಎರಡು ಹಬ್ಬ ಒತ್ತೊತ್ತಿಗೆ ಬರುತ್ತಿವೆ. ಯುಗಾದಿಗೆ ನೀನು ಬರುತ್ತೀಯಲ್ಲ, ಹಿಂದಿನ ದಿನವೇ ಬಾ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಅವರ ಸ್ಟೀಲ್ ಡಬ್ಬಿ ಇದೆ, ಮುಚ್ಚಳದ ಮೇಲೆ ಅವನ ಅಜ್ಜಿಯ ಹೆಸರು ಕೊರೆದಿರುವುದು. 2024ರಲ್ಲಿ ಸುರಕುಂಬ ತುಂಬಿ ಬಂದದ್ದು ಹಾಗೇ ಉಳಿದಿದೆ. ತೊಳೆದು ಒರೆಸಿ ಇಟ್ಟಿದ್ದೇನೆ. ಖಾಲಿ ಡಬ್ಬಿ ಕೊಡಬಾರದು ಅಂತ ನಿನ್ನಜ್ಜಿ ಆಗಲೇ ಬೇಳೆ ಕೊಂಡಿಟ್ಟಿದ್ದಾಳೆ. ನಾನೂ ಜೊತೆಗೆ ಬರುತ್ತೇನೆ. ಬಾಗಿಲು ಮಾತ್ರ ನೀನೇ ತಟ್ಟು.