ಹೆಪಟೈಟಿಸ್ ಬಿ: ಆರೋಗ್ಯ ಸಿಬ್ಬಂದಿಯ ಲಸಿಕೆ ಮತ್ತು ರೋಗನಿರೋಧಕತೆ

ಹೆಪಟೈಟಿಸ್ ಬಿ ಯಕೃತ್ತಿಗೆ ತಗಲುವ ಡಿಎನ್‌ಎ ವೈರಸ್ ಸೋಂಕು. ರಕ್ತ ಹಾಗೂ ದೇಹದ್ರವಗಳಿಂದ ಹರಡುವುದರಿಂದ ವೈದ್ಯರು, ದಾದಿಯರು, ಪ್ರಯೋಗಾಲಯ ಸಿಬ್ಬಂದಿ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಪಾಯ ಹೆಚ್ಚು. ಕೈಪಳಗದ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುವ ಮೊದಲೇ ಲಸಿಕೆ ಪೂರ್ಣಗೊಳಿಸುವುದು ಒಳಿತು. ದೇಹದ ಹೊರಗೂ ಈ ವೈರಸ್ ಕನಿಷ್ಠ 7 ದಿನ ಬದುಕಬಲ್ಲದು. ಒಣಗಿದ ರಕ್ತದ ಕಲೆಯೂ ನಿರುಪದ್ರವಿಯಲ್ಲ.

ವೈರಸ್ಸಿನ ಮೇಲ್ಮೈ ಪ್ರತಿಜನಕವನ್ನು 1960ರ ದಶಕದಲ್ಲಿ ಗುರುತಿಸಿದ ಬರೂಕ್ ಬ್ಲಂಬರ್ಗ್ 1976ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅವರ ಜನ್ಮದಿನ ಜುಲೈ 28, ವಿಶ್ವ ಹೆಪಟೈಟಿಸ್ ದಿನ. ಯೀಸ್ಟ್ ಕೋಶಗಳಲ್ಲಿ ತಯಾರಾಗುವ ಮರುಸಂಯೋಜಿತ ಲಸಿಕೆ 1986ರಲ್ಲಿ ಬಂತು.

ವಯಸ್ಕರಿಗೆ ಸಾಮಾನ್ಯವಾಗಿ 0, 1, 6ನೇ ತಿಂಗಳಲ್ಲಿ ಮೂರು ಡೋಸ್. ಕೊನೆಯ ಡೋಸಿನ 1–2 ತಿಂಗಳ ನಂತರ ಮೇಲ್ಮೈ ಪ್ರತಿಕಾಯದ ಮಟ್ಟ ಪ್ರತಿ ಮಿಲಿಲೀಟರಿಗೆ 10 ಮಿಲಿ ಅಂತರರಾಷ್ಟ್ರೀಯ ಘಟಕ ಅಥವಾ ಹೆಚ್ಚಿದ್ದರೆ ರಕ್ಷಣೆ ದೊರೆತಂತೆ. ಪರೀಕ್ಷಾರ್ಥಿಗಳು ಎಡವುವುದು ಇಲ್ಲೇ: ಮೇಲ್ಮೈ ಪ್ರತಿಜನಕ ಸೋಂಕಿನ ಗುರುತು, ಅದರ ಪ್ರತಿಕಾಯ ರಕ್ಷಣೆಯ ಗುರುತು. ಕಾಲಕ್ರಮೇಣ ಪ್ರತಿಕಾಯ ಇಳಿದರೂ ಆರೋಗ್ಯವಂತರಲ್ಲಿ ಪ್ರತಿರಕ್ಷಾ ಸ್ಮೃತಿ ಉಳಿಯುತ್ತದೆ. ಮಟ್ಟ ತಲುಪದವರಿಗೆ ಲಸಿಕೆಯನ್ನು ಪುನರಾವರ್ತಿಸಲಾಗುತ್ತದೆ. ರಕ್ಷಣೆಯಿಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಇಮ್ಯುನೊಗ್ಲಾಬ್ಯುಲಿನ್ ಮತ್ತು ಲಸಿಕೆಯನ್ನು ಆದಷ್ಟು ಬೇಗ, 24 ಗಂಟೆಯೊಳಗೆ ಕೊಡುವುದು ಉತ್ತಮ.

ಭಾರತದಲ್ಲಿ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಲ್ಲಿ ಆರಂಭವಾಯಿತು. ಆರೋಗ್ಯ ಸಿಬ್ಬಂದಿಯ ಲಸಿಕೀಕರಣವೂ ಅದರ ಭಾಗ.